ಟೀ ಬ್ರ್ಯಾಕ್: ದ್ರಾಕ್ಷಿಗೆ ಒಂದು ರಾತ್ರಿ ಕೊಡಿ

ಐರ್ಲೆಂಡಿನ ಮನೆಗಳಲ್ಲಿ ಚಹಾದ ಜೊತೆ ಬೆಣ್ಣೆ ಸವರಿ ತಿನ್ನುವ ಒಣಹಣ್ಣಿನ ಲೋಫ್, ಅಂದರೆ ಬ್ರೆಡ್ ಆಕಾರದ ಕೇಕ್ ಇದು. 'ಬ್ರ್ಯಾಕ್' ಅಂದರೆ ಐರಿಷ್ ಭಾಷೆಯಲ್ಲಿ ಚುಕ್ಕೆ ಚುಕ್ಕೆಯದು. ಹ್ಯಾಲೋವೀನ್‌ಗೆ ಒಳಗೆ ಉಂಗುರ ಅಡಗಿಸಿಡುವ ಬಾರ್ಮ್‌ಬ್ರ್ಯಾಕ್ ಇದರ ಅಕ್ಕ. ಉಂಗುರ ಸಿಕ್ಕವರಿಗೆ ಬೇಗ ಮದುವೆ ಅಂತ ನಂಬಿಕೆ. ಅದಕ್ಕೆ ಈಸ್ಟ್ ಬೇಕು, ಇದಕ್ಕೆ ಬೇಡ.

ಇದರ ಹಿಟ್ಟಿಗೆ ಬೆಣ್ಣೆಯೂ ಇಲ್ಲ, ಎಣ್ಣೆಯೂ ಇಲ್ಲ. ಮೆತ್ತಗಾಗುವುದೆಲ್ಲ ನೆನೆದ ಹಣ್ಣಿನಿಂದ. ಅಲ್ಲೇ ಜಾಸ್ತಿ ಜನ ಎಡವುವುದು. ಅರ್ಧ ಗಂಟೆ ನೆನೆಸಿ, ಚಹಾ ಸೋಸಿ ಚೆಲ್ಲಿ, ಆಮೇಲೆ 'ಒಣಒಣ ಆಯ್ತು' ಅನ್ನುವವರನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಒಣದ್ರಾಕ್ಷಿ. 350 ಗ್ರಾಂ ಬೇಕು, ಕಪ್ಪು ಮತ್ತು ಹೊಂಬಣ್ಣದ್ದು ಅರ್ಧರ್ಧ. ಕೆಲವು ಪ್ಯಾಕೆಟ್‌ಗಳಲ್ಲಿ ಅಂಟದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಆ ಜಿಡ್ಡಿದ್ದರೆ ಚಹಾ ಒಳಗಿಳಿಯಲ್ಲ. ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಬಣ್ಣದ ಟೂಟಿ ಫ್ರೂಟಿ ಮಾತ್ರ ಬೇಡವೇ ಬೇಡ. ಅದು ಚಹಾ ಕುಡಿಯುವುದಿಲ್ಲ, ಸುಮ್ನೆ ಸಿಹಿ.

ಚಹಾ ಕಡುವಾಗಿರಲಿ, ಹಾಲಿಲ್ಲದೆ. ಅಸ್ಸಾಂ ಚಹಾ ಇಲ್ಲಿ ಪರಕೀಯವಲ್ಲ, ಐರಿಷ್ ಬ್ಲೆಂಡ್‌ಗಳಲ್ಲೂ ಅದು ಇರುತ್ತದೆ. 350 ಮಿ.ಲೀ. ಕುದಿನೀರಿಗೆ ಮೂರು ಟೀ ಚಮಚ ಪುಡಿ ಹಾಕಿ, ಐದು ನಿಮಿಷ ಮುಚ್ಚಿಡಿ. ಸೋಸಿ 300 ಮಿ.ಲೀ. ಅಳೆದುಕೊಳ್ಳಿ. ಬಿಸಿ ಇರುವಾಗಲೇ 150 ಗ್ರಾಂ ಬ್ರೌನ್ ಶುಗರ್ ಕರಗಿಸಿ, ದ್ರಾಕ್ಷಿ ಸುರಿದು, ತಟ್ಟೆ ಮುಚ್ಚಿ. ರಾತ್ರಿಯೆಲ್ಲ ಇರಲಿ, ಹತ್ತು ಗಂಟೆಗಿಂತ ಕಡಿಮೆ ಬೇಡ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಅಡ್ಡದಾರಿಯಲ್ಲಿ ಸಿಪ್ಪೆ ಮೆತ್ತಗಾಗುತ್ತದೆ, ತಿರುಳು ಹಾಗೇ ಉಳಿಯುತ್ತದೆ.

ಬೆಳಿಗ್ಗೆ ಒಂದು ದ್ರಾಕ್ಷಿಯನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ಸುಕ್ಕು ಹೋಗಿ ಗುಂಡಗಾಗಿರಬೇಕು, ಒತ್ತಿದರೆ ಕಂದು ರಸ ಹೊರಬರಬೇಕು. ಒಳಗೆ ಗಟ್ಟಿ ಸಿಕ್ಕರೆ ಇನ್ನೂ ಎರಡು ಗಂಟೆ ಕಾಯಿರಿ. ತಳದಲ್ಲಿ ಉಳಿದ ಚಹಾವನ್ನು ಒಂದು ಹನಿಯೂ ಚೆಲ್ಲಬೇಡಿ, ಹಿಟ್ಟು ಕಲಸಲು ಅದೇ ಬೇಕು.

ಉಳಿದದ್ದು ಹತ್ತು ನಿಮಿಷದ ಕೆಲಸ. 225 ಗ್ರಾಂ ಮೈದಾ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಜರಡಿ ಹಿಡಿಯಿರಿ. ದಾಲ್ಚಿನ್ನಿ, ಜಾಯಿಕಾಯಿ, ಲವಂಗದ ಪುಡಿ ಸೇರಿ ಒಂದು ಟೀ ಚಮಚ. ಏಲಕ್ಕಿ ಹಾಕಬೇಡಿ, ಚಹಾದ ಒಗರು ಅದರಲ್ಲಿ ಮುಚ್ಚಿಹೋಗುತ್ತದೆ. ಹಣ್ಣು ಪೂರ್ತಿ ತಣ್ಣಗಾಗಿದೆ ಅಲ್ವಾ? ಈಗ ಒಂದು ಮೊಟ್ಟೆ ಒಡೆದು ಕದಡಿ ಸೇರಿಸಿ. ಹಿಟ್ಟು ಬೆರೆಸಿ, ಬಿಳಿ ಕಾಣದಾದ ಕೂಡಲೇ ಸೌಟು ಬಿಡಿ. ಜಾಸ್ತಿ ತಿರುವಿದರೆ ಲೋಫ್ ರಬ್ಬರಾಗುತ್ತದೆ.

ಬೇಕಿಂಗ್ ಕಾಗದ ಹಾಸಿದ 9x5 ಇಂಚಿನ ಟಿನ್ನಿಗೆ ಸುರಿದು, ಮೊದಲೇ ಕಾದ ಓವನ್‌ನಲ್ಲಿ 160 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 70 ನಿಮಿಷ ಬೇಯಿಸಿ. ಉರಿ ಏರಿಸಬೇಡಿ, ಮೇಲಿನ ದ್ರಾಕ್ಷಿ ಸುಟ್ಟು ಕಹಿಯಾಗುತ್ತದೆ. ನೆತ್ತಿ ಬೇಗ ಕಪ್ಪಾದರೆ ಫಾಯಿಲ್ ಹೊದಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು.

ಆರಿದ ಮೇಲೆ ಕಾಗದದಲ್ಲಿ ಸುತ್ತಿ ಒಂದು ದಿನ ಇಡಿ. ಬಿಸಿಯಲ್ಲೇ ಕೊಯ್ದರೆ ಪುಡಿಪುಡಿ. ಮರುದಿನ ಬೆರಳು ದಪ್ಪಕ್ಕೆ ಕೊಯ್ದು, ಉಪ್ಪು ಬೆಣ್ಣೆಯನ್ನು ಧಾರಾಳವಾಗಿ ಸವರಿ. ಮೂರನೇ ದಿನದ ಚೂರನ್ನು ತವದ ಮೇಲೆ ಬಿಸಿ ಮಾಡಿದರೆ ಅಂಚು ಗರಿಗರಿ ಆಗುತ್ತದೆ, ನನಗಂತೂ ಅದೇ ಹೆಚ್ಚು ಇಷ್ಟ.