ಪೋಲೆಂಡಿನ ಜರ್ಮನ್ ಲೀಡರ್‌ಗಳನ್ನ ನಾನು ಇಂಟರ್‌ವ್ಯೂ ಮಾಡಿದ್ದು ಹೀಗೆ

ನನ್ನ ಥೀಸಿಸ್‌ಗೆ ಫೀಲ್ಡ್‌ವರ್ಕ್ ಮಾಡಿದ್ದು ಪೋಲೆಂಡಿನ ಸೈಲೀಷಿಯಾ ಅನ್ನೋ ಪ್ರಾಂತ್ಯದಲ್ಲಿರೋ ಒಪೋಲೆ ಊರಿನ ಕಡೆ, ಜರ್ಮನ್ ಅಲ್ಪಸಂಖ್ಯಾತರ ಸಂಘದ ಪದಾಧಿಕಾರಿಗಳನ್ನ ಮಾತಾಡಿಸೋ ಕೆಲಸ. ಇವರೇನು ವಲಸೆ ಬಂದೋರಲ್ಲ, 1945ರ ತನಕ ಆ ನೆಲ ಜರ್ಮನಿಲೇ ಇತ್ತು, ಗಡಿ ಸರಿದ ಮೇಲೆ ಅಲ್ಲೇ ಉಳ್ಕೊಂಡ ಮನೆಯೋರು.

"ನೀವು ಜರ್ಮನ್ನಾ, ಸೈಲೀಷಿಯನ್ನಾ, ಪೋಲಿಷಾ" ಅಂತ ನೇರ ಕೇಳೋದೇ ಬೇಡ ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ. ಲೀಡರ್ ಆದೋರ ಹತ್ರ ಅದಕ್ಕೆ ರೆಡಿ ಉತ್ತರ ಇರತ್ತೆ, ಇರಲೇಬೇಕು ಬಿಡಿ, ಯಾಕಂದ್ರೆ ಪೋಲೆಂಡಿನ 2005ರ ಅಲ್ಪಸಂಖ್ಯಾತರ ಕಾಯ್ದೆ 9 ರಾಷ್ಟ್ರೀಯ, 4 ಜನಾಂಗೀಯ ಅಲ್ಪಸಂಖ್ಯಾತ ಗುಂಪುಗಳನ್ನ ಒಪ್ಕೊಳತ್ತೆ, ಅದ್ರಲ್ಲಿ ಜರ್ಮನ್ನರು ಇದಾರೆ, ಸೈಲೀಷಿಯನ್ನರು ಇಲ್ಲ. ಸ್ಕೂಲಲ್ಲಿ ಜರ್ಮನ್ ಪಾಠ, ಎರಡು ಭಾಷೆಯ ಊರ ಬೋರ್ಡು, ಪಾರ್ಲಿಮೆಂಟ್ ಎಲೆಕ್ಷನ್ನಲ್ಲಿ ಸೀಟು ಸಿಗೋಕೆ ಪಕ್ಷಕ್ಕೆ ಕನಿಷ್ಠ ಶೇ 5 ಮತ ಬೇಕು ಅನ್ನೋ ನಿಯಮದಿಂದ ವಿನಾಯಿತಿ, ಎಲ್ಲಾ ಸಿಗೋದು ಜರ್ಮನ್ ಅಂದ್ರೆ ಮಾತ್ರ.

ಅದಕ್ಕೇ ನಾನು ಕೇಳ್ತಿದ್ದಿದ್ದು ಅಜ್ಜ ಯಾವ ಸೈನ್ಯದಲ್ಲಿದ್ರು, ಅಮ್ಮ ಯಾವ ಭಾಷೇಲಿ ಬೈತಿದ್ರು, ಪೋಲೆಂಡ್-ಜರ್ಮನಿ ಫುಟ್‌ಬಾಲ್ ಇದ್ರೆ ಯಾರ ಕಡೆ, ಇಂಥವು. ಭಾಷೆ ಅವರ ಇಷ್ಟಕ್ಕೇ ಬಿಟ್ಟಿದ್ದೆ, ಪೋಲಿಷ್ ಗೊತ್ತಿರೋ ಫ್ರೆಂಡ್ ಜೊತೆಗಿದ್ದ. ಹಿರಿಯರು ಮರ್ಯಾದೆಗೆ ಜರ್ಮನ್‌ನಲ್ಲೇ ಶುರು ಮಾಡೋರು, ಭಾಷಣದ ಥರ, ಆಮೇಲೆ ಅಜ್ಜನ ಕಥೆ ಬಂದಾಗ ಪೋಲಿಷ್‌ಗೋ ಮನೆಯ ಸೈಲೀಷಿಯನ್‌ಗೋ ಜಾರೋರು. ಕಮ್ಯುನಿಸ್ಟ್ ಕಾಲದಲ್ಲಿ ಅಲ್ಲಿನ ಸ್ಕೂಲಲ್ಲಿ ಜರ್ಮನ್ ಕಲಿಸ್ತಾನೇ ಇರ್ಲಿಲ್ಲ, ಹೆಸರುಗಳನ್ನೂ ಪೋಲಿಷ್‌ಗೆ ಬದಲಾಯಿಸಿದ್ರು, ಇನ್ನೆಲ್ಲಿಂದ ಸಲೀಸಾಗಿ ಬರತ್ತೆ. ಯೂನಿವರ್ಸಿಟಿಲಿ ಕಲಿತ ಚಿಕ್ಕೋರ ಜರ್ಮನ್ ಚೊಕ್ಕ, ಆದ್ರೆ "ಎರಡೂ ನಾನೇ" ಅಂತ ಆರಾಮಾಗಿ ಹೇಳಿದ್ದೂ ಅವರೇ.

"ಸರಿ, ನಿಂದೇನು?" ಅಂತ ತಿರುಗಿ ಕೇಳೋರು. ಮನೇಲಿ ತುಳು, ಸ್ಕೂಲಲ್ಲಿ ಕನ್ನಡ, ಪಾಸ್‌ಪೋರ್ಟ್ ಇಂಡಿಯಾದ್ದು ಅಂದ್ರೆ ಮುಂದೆ ಏನೂ ವಿವರಿಸೋದು ಬೇಕಿರ್ಲಿಲ್ಲ, ಕಾಫಿ ಬರ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಧಾಟಿನೇ ಬದಲಾಗೋದು. 2022ರಲ್ಲಿ ಪೋಲೆಂಡ್ ಸರ್ಕಾರ ಈ ಜರ್ಮನ್ ಅಲ್ಪಸಂಖ್ಯಾತರ ಮಕ್ಕಳ ಜರ್ಮನ್ ಪಾಠನ ವಾರಕ್ಕೆ 3 ಗಂಟೆಯಿಂದ 1ಕ್ಕೆ ಇಳಿಸಿತ್ತಲ್ಲ, ಆ ಮಾತು ಬಂದ್ರೆ ಅಲ್ಲಿತನಕ "ನಮ್ಮ ಸೈಲೀಷಿಯಾ" ಅಂತಿದ್ದೋರು ಗಟ್ಟಿ ದನಿಲಿ "ನಾವು ಜರ್ಮನ್ನರು, ಪೋಲೆಂಡಿನ ಪ್ರಜೆಗಳು, ತೆರಿಗೆ ಕಟ್ತೀವಿ" ಅನ್ನೋರು. ನಾಟಕ ಅಂತ ನಂಗನ್ಸಿಲ್ಲ, ತಮ್ಮ ಹಕ್ಕುಗಳ ಮೇಲೆ ಕೈ ಹಾಕಿದಾಗ ಯಾರಾದ್ರೂ ಹಂಗೇ ಮಾತಾಡೋದು.

ಆಮೇಲೆ ಟ್ರಾನ್ಸ್‌ಕ್ರಿಪ್ಟ್‌ನ ಪ್ರತಿ ಪ್ಯಾರಾನೂ ನೋಡಿ, ಅಲ್ಲಿ ಅವರು ತಮ್ಮನ್ನ ಯಾವುದರಿಂದ ಗುರುತಿಸ್ಕೊಳ್ತಿದಾರೆ ಅಂತ ಪ್ರಜೆ, ಜನಾಂಗ, ನೆಲ ಅನ್ನೋ ಮೂರು ಟ್ಯಾಗ್ ಬಳಸಿ ಗುರುತು ಹಾಕ್ದೆ. ಹೆಸರು ತೆಗೆದ್ರೆ ಸಾಲಲ್ಲ, ಸಣ್ಣ ಸಮುದಾಯ, ಊರು ಹೇಳಿದ್ರೆ ಯಾರು ಅಂತ ಗೊತ್ತಾಗ್ಬಿಡತ್ತೆ, ಹಂಗಾಗಿ ಊರು, ಹುದ್ದೆ ಎರಡೂ ತೆಗೆದೆ. ಇಂಟರ್‌ವ್ಯೂ ಕೊಟ್ಟೋರ ಟೇಬಲ್ ಸಪ್ಪೆ ಆಯ್ತು ಅಂತ ಗೈಡ್ ಗೊಣಗಿದ್ರು, ಆದ್ರೂ ಹಂಗೇ ಬಿಟ್ಟೆ.