ಬದನಿಕೆಯನ್ನು ಎಲೆ ಬಿಡುವ ಮೊದಲೇ ಹುಡುಕಬೇಕು

ಶ್ರೀನಿವಾಸಪುರದ ಕಡೆ ಹಳೇ ಮಾವಿನ ತೋಪು ಇರುವವರಿಗೆ ಬದನಿಕೆ, ಅಂದರೆ ಮರದ ಕೊಂಬೆಗೇ ಹತ್ತಿ ಬೆಳೆಯುವ ಪರಾವಲಂಬಿ ಗಿಡ, ಗೊತ್ತೇ ಇರುತ್ತದೆ. ಕಿತ್ತಳೆ ಬಣ್ಣದ ಉದ್ದ ಹೂ ಬಿಟ್ಟಾಗ ದೂರದಿಂದಲೇ ಕಾಣುತ್ತದೆ. ಆದರೆ ಅಷ್ಟು ಹೊತ್ತಿಗೆ ಅದು ಕೊಂಬೆಯೊಳಗೆ ಚೆನ್ನಾಗಿ ಇಳಿದಿರುತ್ತದೆ. ಶುರುವಿನಲ್ಲಿ ಹೇಗೆ ಹಿಡಿಯುತ್ತದೆ ಅಂತ ಕಣ್ಣಾರೆ ನೋಡಲು ನಾನೇ ಬೀಜ ಅಂಟಿಸಿದೆ. ಕೊಯ್ಲಾದ ಮೇಲೆ ಹೇಗೂ ಕಡಿಯಬೇಕಿದ್ದ ತೋತಾಪುರಿ ಕೊಂಬೆಗಳನ್ನು ಅದಕ್ಕೆ ಆರಿಸಿಕೊಂಡೆ.

ಬದನಿಕೆ ಹಣ್ಣು ಹಿಸುಕಿದರೆ ಒಂದೇ ಬೀಜ, ಸುತ್ತ ಬರೀ ಅಂಟು. ತೋಪಿನಲ್ಲಿ ಇದನ್ನು ಹರಡುವುದು ಬದನಿಕೆ ಹಕ್ಕಿ, ಗುಬ್ಬಿಗಿಂತ ಚಿಕ್ಕದು. ಹಣ್ಣು ನುಂಗುತ್ತದೆ. ಹಿಕ್ಕೆಯ ಜೊತೆ ಬರುವ ಬೀಜ ಅಂಟಿಕೊಂಡೇ ಇರುವುದರಿಂದ ಹಿಂಭಾಗವನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ.

ಹೆಬ್ಬೆರಳ ಗಾತ್ರದ ಕೊಂಬೆ, ದಪ್ಪ ಕಾಂಡ, ಬೇಲಿ ತಂತಿ, ಎಲ್ಲದಕ್ಕೂ ಅಂಟಿಸಿದೆ. ತಂತಿಯ ಮೇಲೂ ಮೊಳಕೆ ಬಂತು! ಮೊಳೆಯಲು ಅದಕ್ಕೆ ಮರವೂ ಬೇಡ, ಮಳೆಯೂ ಬೇಡ. ಬೀಜದೊಳಗಿನ ತೇವವೇ ಸಾಕು. ಹಸಿರು ಮೊಳಕೆ ಬೆಳಕಿಗೆ ಬೆನ್ನು ಹಾಕಿ ತೊಗಟೆಯತ್ತ ಬಾಗುತ್ತದೆ. ತುದಿ ತಾಗಿದಲ್ಲಿ ಬಿಲ್ಲೆಯಂತೆ ಅಗಲವಾಗಿ ಕೂರುತ್ತದೆ. ಅದರ ಅಡಿಯಿಂದ ಹೀರುಬೇರು ತೊಗಟೆ ಸೀಳಿ, ಮರದ ನೀರು ಸಾಗುವ ನಾಳಗಳನ್ನು ಸೇರುತ್ತದೆ. ತಂತಿಯ ಮೇಲಿನವು ಒಣಗಿದವು. ಕಾಂಡದ ಒರಟು ತೊಗಟೆಯಲ್ಲೂ ಉಳಿಯಲಿಲ್ಲ. ಉಳಿದದ್ದು ಎಳೆ ಕೊಂಬೆಯಲ್ಲಿ, ಅಲ್ಲೂ ಎಲ್ಲವೂ ಅಲ್ಲ.

ಬಿಲ್ಲೆ ಕೂತ ಮೇಲೆ ತುಂಬಾ ದಿನ ಹೊರಗೆ ಏನೂ ನಡೆಯುವುದಿಲ್ಲ. ಸತ್ತಿದೆ ಅನಿಸುತ್ತದೆ, ಆದರೆ ಕೆಲಸವೆಲ್ಲ ಒಳಗೆ ನಡೆಯುತ್ತಿರುತ್ತದೆ. ನನ್ನ ಪ್ರಕಾರ ಹಿಡಿಯಬೇಕಾದ ಹೊತ್ತು ಇದೇ. ಆಗತಾನೇ ಕೂತ ಬಿಲ್ಲೆಯನ್ನು ಉಗುರಿನಿಂದ ಎಬ್ಬಿದರೆ ಪೂರ್ತಿ ಬರುತ್ತದೆ. ಎಲೆ ಜೋಡಿ ಬಿಟ್ಟ ಮೇಲೆ ಸುಮ್ನೆ ಮುರಿದರೆ ಪ್ರಯೋಜನವಿಲ್ಲ, ಒಳಗೆ ಉಳಿದದ್ದು ಮತ್ತೆ ಚಿಗುರುತ್ತದೆ.

ಬೆಳೆದ ಬದನಿಕೆ ತೊಗಟೆಯ ಮೇಲೇ ಬೇರು ಹರಿಸಿ, ಅಲ್ಲಲ್ಲಿ ಹೊಸದಾಗಿ ಒಳಗಿಳಿಯುತ್ತದೆ. ಹಿಡಿದ ಜಾಗ ಗಂಟು ಕಟ್ಟುತ್ತದೆ. ಅದರಾಚೆಯ ಕೊಂಬೆ ಸೊರಗುತ್ತದೆ. ಎಲೆ ಹಸಿರಾದ್ದರಿಂದ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ, ಕದಿಯುವುದು ಮುಖ್ಯವಾಗಿ ನೀರು ಮತ್ತು ಲವಣ. ಕೋಲಾರದ ಬೇಸಿಗೆಯಲ್ಲಿ ಮಾವು ನೀರು ಉಳಿಸಲು ಒದ್ದಾಡುವಾಗಲೂ ಇದು ಹೀರುತ್ತಲೇ ಇರುತ್ತದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ದೊಡ್ಡದಾಗಿದ್ದರೆ ಗಂಟಿನಿಂದ ಒಂದಡಿ ಕೆಳಗೆ, ಬುಡದ ಕಡೆಗೆ, ಕೊಂಬೆಯನ್ನೇ ಕತ್ತರಿಸಿ, ಕಡಿದ ಜಾಗಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚುತ್ತೇನೆ. ಬದನಿಕೆ ಹಣ್ಣು ಬಿಡುವ ಮೊದಲೇ ಇದು ಮುಗಿಯಬೇಕು. ಬದುವಿನ ಹೊಂಗೆಯಲ್ಲೂ ಬದನಿಕೆ ಬರುತ್ತದೆ, ಹಕ್ಕಿ ಅಲ್ಲಿಂದಲೂ ಬೀಜ ತರುತ್ತದೆ. ಹಾಗಾಗಿ ಮಾವಿನ ಜೊತೆ ಹೊಂಗೆಯ ಕೊಂಬೆಗಳನ್ನೂ ನೋಡಿಕೊಂಡು ಬರುತ್ತೇನೆ.