ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನವರ ಫೋಟೋ ತೆಗೆಯೋದು ಹೇಗೆ

ಬೆಳಕು ಹರಿಯೋ ಮುಂಚೇನೇ ಅಲ್ಲಿರಿ, ಎಂಟು ಗಂಟೆ ಮೇಲೆ ಹೋದ್ರೆ ಹೂವಿನ ಭರಾಟೆ ಅರ್ಧ ಇಳಿದಿರತ್ತೆ. ದೊಡ್ಡ ಜೂಮ್ ಲೆನ್ಸ್ ಬೇಡ. ಆ ನೂಕುನುಗ್ಗಲಲ್ಲಿ ಸ್ವಲ್ಪ ಅಗಲವಾಗಿ ಕಾಣಿಸೋ 35 ಎಂಎಂ ಲೆನ್ಸೇ ಸರಿ, ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರೋ) ಕ್ಯಾಮೆರಾದಲ್ಲಿ ಎಫ್/8 ಇಟ್ಟು, ಅಂದ್ರೆ ಲೆನ್ಸಿನ ಕಿಂಡಿ ಚಿಕ್ಕದು ಮಾಡಿ, ಎರಡೂವರೆ ಮೀಟರ್‌ಗೆ ಮ್ಯಾನ್ಯುಯಲ್ ಫೋಕಸ್ ಮಾಡಿಬಿಟ್ರೆ ಹೆಚ್ಚುಕಮ್ಮಿ ಎರಡರಿಂದ ಐದು ಮೀಟರ್‌ವರೆಗೂ ಶಾರ್ಪ್ ಬರತ್ತೆ, ಫೋಕಸ್ ಹುಡುಕ್ತಾ ಕೂರೋ ಗೋಜೇ ಇಲ್ಲ. ಮಾರ್ಕೆಟ್‌ನ 1928ರ ಹಳೇ ಕಟ್ಟಡದ ಒಳಗೆ ಬೆಳಕು ಕಮ್ಮಿ, ಅಲ್ಲಿ ಕಿಂಡಿ ದೊಡ್ಡದು ಮಾಡಿ ಎಫ್/2.8, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200. ಫ್ಲಾಶ್ ಮಾತ್ರ ಹಾಕ್ಲೇಬೇಡಿ.

ಮೊದಲು ಮಹಡಿ ಹತ್ತಿ ಕೆಳಗೆ ನೋಡಿ, ಚೆಂಡುಹೂ ರಾಶಿಗಳ ಮಧ್ಯೆ ಜನ ಹೆಂಗೆ ಹರೀತಾರೆ ಅಂತ ಗೊತ್ತಾಗತ್ತೆ. ಆಮೇಲೆ ಕೆಳಗಿಳಿದು ಒಂದೇ ಕಡೆ ಹತ್ತಿಪ್ಪತ್ತು ನಿಮಿಷ ನಿಂತ್ಕೊಳಿ, ಓಡಾಡಬೇಡಿ, ಸ್ವಲ್ಪ ಹೊತ್ತಿಗೆ ನಿಮ್ಮನ್ನ ಯಾರೂ ಗಮನಿಸಲ್ಲ. ಮುಖದಷ್ಟೇ ಕೈಗಳನ್ನೂ ನೋಡಿ. ಗಿರಾಕಿ ಜೊತೆ ಚೌಕಾಸಿ ಮಾಡ್ತಾನೇ ಒಬ್ಬ ಅಜ್ಜಿ ಕೈ ಕಡೆ ನೋಡದೆ ಕನಕಾಂಬರ ಕಟ್ತಿದ್ರು, ಎರಡು ಹೂ ಆ ಕಡೆ ಎರಡು ಈ ಕಡೆ, ದಾರ ಒಂದು ಸುತ್ತು, ಗಂಟು. ನನಗೆ ಅದೇ ಫೋಟೋ.

ಮೂಟೆ ಹೊತ್ತವರಿಗೆ ಅಡ್ಡ ನಿಲ್ಲಬೇಡಿ. ತೆಗೆದ್ಮೇಲೆ ಸ್ಕ್ರೀನ್ ತೋರಿಸಿ, "ಅಕ್ಕಾ, ಇಟ್ಕೊಳ್ಲಾ?" ಅಂತ ಕೇಳಿ, ಬೇಡ ಅಂದ್ರೆ ಅವರೆದುರೇ ಡಿಲೀಟ್ ಮಾಡಿ. ಎರಡು ಮೊಳ ಮಲ್ಲಿಗೆ ತಗೊಳ್ಳಿ, ಮುಂದಿನ ವಾರ ಪ್ರಿಂಟ್ ತಗೊಂಡ್ಹೋಗಿ ಕೊಡಿ.